ಕೊಯ್ಲಿನ ಕಾಲದಲ್ಲಿ 23ನೇ ಕೀರ್ತನೆ: ಒಬ್ಬ ತೋಟದ ರೈಟರನ ಅನುಭವ

ನಮ್ಮ ಕೊಡಗಿನಲ್ಲಿ ಕುರಿಗಿಂತ ಕುರಿಗೊಬ್ಬರ ಜಾಸ್ತಿ. ಬಯಲುಸೀಮೆಯಿಂದ ಲಾರಿಗಟ್ಟಲೆ ಬಂದು ಕಾಫಿ ಗಿಡದ ಬುಡ ಸೇರುತ್ತದೆ. ಕುರಿಮಂದೆ ಮಾತ್ರ ಇಲ್ಲಿನ ಮಳೆಗೆ ಅಪರೂಪ. ಹಾಗಾಗಿ ಸಂಡೇ ಸ್ಕೂಲಿನಲ್ಲಿ ಬೈಬಲಿನ 23ನೇ ಕೀರ್ತನೆಯನ್ನು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಬಾಯಿಪಾಠ ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ಗೋಡೆ ಕ್ಯಾಲೆಂಡರಿನ ಕುರಿ. ಬೆಳ್ಳಗೆ, ಸೋಪು ಹಾಕಿ ತೊಳೆದ ಹಾಗೆ. ಆ ಕೀರ್ತನೆ ಬದುಕಿಗೆ ಬೇಕಾಗಿ ಬಂದದ್ದು ಎಷ್ಟೋ ವರ್ಷದ ಮೇಲೆ, ಕೆಲಸಕ್ಕೆ ಸೇರಿದ ನಂತರ.

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ತೆಗೆಯಬೇಕು, ಯಾರು ಎಲ್ಲಿಗೆ ಅಂತ ಮೇಸ್ತ್ರಿಗೆ ಹೇಳಬೇಕು, ಸಂಜೆ ಹಣ್ಣು ತೂಗಬೇಕು, ಶನಿವಾರ ಬಟವಾಡೆ ಮಾಡಬೇಕು. ಸಾಹುಕಾರರು ಬೆಂಗಳೂರಿನಲ್ಲಿದ್ದಾರೆ. ಅವರು ತೋಟಕ್ಕೆ ಬರುವುದು ಕಡಿಮೆ, ಫೋನ್ ಬರುವುದು ಜಾಸ್ತಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು. ಆ ತಿಂಗಳುಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಕಾಲ ಮಳೆ ಬಿದ್ದರೆ? ಆಳುಗಳು ಪಕ್ಕದ ತೋಟಕ್ಕೆ ಹೋದರೆ? ಕತ್ತಲಲ್ಲೇ ಲೈನ್ ಮನೆಯಿಂದ, ಅಂದರೆ ಆಳುಗಳ ವಸತಿ ಸಾಲಿನಿಂದ, ಹೊರಟವರಿಗೆ ಆನೆ ಎದುರಾದರೆ? ನಮ್ಮ ಕಡೆ ಈ ಕೊನೇ ಭಯ ಕತೆಯಲ್ಲ. ರಾತ್ರಿ ಒಂದು ಟೊಂಗೆ ಮುರಿದ ಸದ್ದು ಕೇಳಿದರೆ ಊರಿಗೆ ಊರೇ ಎದ್ದು ಕೂರುತ್ತದೆ.

ಡಾಕ್ಟರಿಗೆ ತೋರಿಸಿದೆ. ಬಿಪಿ ಇದೆ ಅಂದರು, ಮಾತ್ರೆ ಕೊಟ್ಟರು. ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥನೆ ಶುರುಮಾಡಿದೆ, ಮಾತ್ರೆ ಬಿಸಾಕಿದೆ ಅನ್ನುವ ಸಾಕ್ಷಿಗಳನ್ನು ಕೇಳಿದರೆ ನನಗೆ ಗಾಬರಿಯಾಗುತ್ತದೆ. ದೇವರ ಆರೈಕೆಯಲ್ಲಿ ಡಾಕ್ಟರೂ ಸೇರಿದ್ದಾರೆ ಅಂತಲೇ ನಾನು ನಂಬಿರುವುದು.

ಮಾತ್ರೆಯ ಜೊತೆಗೆ ನಾನು ಹಿಡಿದುಕೊಂಡದ್ದು ಈ ಕೀರ್ತನೆ. ಇದರಲ್ಲಿ ಇರುವುದು 6 ವಚನ. ನಮ್ಮ ಕೆಲಸದ ದಿನವೂ ವಾರಕ್ಕೆ 6. ಸೋಮವಾರ ಮೊದಲನೇ ವಚನ, ಶನಿವಾರ ಕೊನೇದು, ಭಾನುವಾರ ಇಡೀ ಕೀರ್ತನೆ. ಬೆಳಿಗ್ಗೆ ಹಾಜರಿಗೆ ಹೋಗುವ ಮೊದಲು ಒಂದು ಲೋಟ ಬೆಲ್ಲದ ಕಾಫಿ ಹಿಡಿದು ಕೂತು, ಆ ದಿನದ ವಚನವನ್ನು ಬಾಯಿಬಿಟ್ಟು ಹೇಳುತ್ತೇನೆ. ಮನಸ್ಸಿನಲ್ಲಿ ಹೇಳಿದರೆ ನನಗೆ ಸಾಲುವುದಿಲ್ಲ, ತಲೆ ತೋಟಕ್ಕೆ ಓಡುತ್ತದೆ. ಆಮೇಲೆ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಎರಡು ಸಾಲು ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ಬರೆದರೆ ಅದು ಡೈರಿಯಾಗುತ್ತದೆ. ಡೈರಿ ಬರೆಯುವ ತಾಳ್ಮೆ ನನಗಿಲ್ಲ.

ಸೋಮವಾರ ಬರೆಯುವುದು ಇವತ್ತಿಗೆ ಏನಿದೆ ಅಂತ. ಡಬ್ಬದಲ್ಲಿ ಅಕ್ಕಿ ಇದೆ. ಸೌದೆ ಇದೆ. ಮಗಳ ಬಸ್ಸಿಗೆ ಚಿಲ್ಲರೆ ಇದೆ. ಇಷ್ಟೇ. ಮುಂದಿನ ತಿಂಗಳ ಸಾಲದ ಕಂತು ಆ ಪಟ್ಟಿಗೆ ಬರಬಾರದು ಅಂತ ನಾನೇ ಹಾಕಿಕೊಂಡ ನಿಯಮ. ವಿಮೋಚನಕಾಂಡ 16ರಲ್ಲಿ ಮನ್ನದ ಕತೆ, ಅಂದರೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನಾ ಕೊಟ್ಟ ಆಹಾರದ ಕತೆ ಬರುತ್ತದಲ್ಲ, ಅಲ್ಲಿಂದ ಬಂದದ್ದು ಇದು. ತಲೆಗೆ ಒಂದು ಓಮೆರ್ ಅನ್ನುವ ಅಳತೆಯ ಲೆಕ್ಕ. ಜಾಸ್ತಿ ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಆದರೆ ಆರನೇ ದಿನ ಎರಡರಷ್ಟು ಕೂಡಿಸಿದರು, ಮರುದಿನದ ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಅದು ಕೆಡಲಿಲ್ಲ. ದಿನದಿನ ತೂಕ ಹಾಕುವ ರೈಟರನಿಗೆ ಈ ಅಧ್ಯಾಯ ಬಹಳ ಹಿಡಿಸುತ್ತದೆ.

ಹಾಗಂತ ಕೂಡಿಡಬಾರದು ಅಂತ ಅರ್ಥ ಮಾಡಿಕೊಂಡರೆ ನಾನು ಒಪ್ಪುವುದಿಲ್ಲ. ಆದಿಕಾಂಡ 41ರಲ್ಲಿ ಯೋಸೇಫ 7 ವರ್ಷ ಧಾನ್ಯ ಕೂಡಿಟ್ಟದ್ದರಿಂದಲೇ ಬರಗಾಲದಲ್ಲಿ ಐಗುಪ್ತದವರು ಉಣ್ಣುವಂತಾಯಿತು. ನಮ್ಮ ಮನೆಯ ಹಿಂದಿನ ಮರಗಳಿಗೆ ಹಬ್ಬಿಸಿದ ಕರಿಮೆಣಸನ್ನು ನಾನೂ ಒಣಗಿಸಿ ಚೀಲದಲ್ಲಿ ಇಡುತ್ತೇನೆ, ರೇಟು ನೋಡಿ ಮಾರುತ್ತೇನೆ. ಮಗಳ ಫೀಸು ಅದರಿಂದಲೇ. ಚೀಲದಲ್ಲಿ ಮೆಣಸು ಇರಲಿ. ರಾತ್ರಿ ಎರಡು ಗಂಟೆಗೆ ಎದ್ದು ಮನಸ್ಸಿನಲ್ಲೇ ಆ ಚೀಲವನ್ನು ತೂಗುತ್ತಾ ಕೂರುವುದು ಬೇಡ, ಅಷ್ಟೇ.

ನಮ್ಮ ಅಜ್ಜಿಯ ಕಡೆಯವರು ಇಲ್ಲೇ ಕೊಡಗಿನ ಆನಂದಪುರದವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಅಲ್ಲಿ ಕ್ರೈಸ್ತ ಸಭೆ ಕಟ್ಟಿದರು. ಸೇರಿದವರಲ್ಲಿ ಹೆಚ್ಚಿನವರು ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದ ಆಳುಗಳು. ಸ್ವಂತಕ್ಕೆ ಒಂದು ಸೆಂಟು ನೆಲ ಇಲ್ಲದವರು "ಕೊರತೆಪಡೆನು" ಅಂತ ಹಾಡಿದ್ದಾರೆ. ಅಜ್ಜಿ ಅಕ್ಕಿ ಅಳೆಯುವಾಗಲೆಲ್ಲ ಮೊದಲ ಸೇರು ಹಾಕುತ್ತಾ ಈ ಸಾಲು ಹೇಳುತ್ತಿದ್ದರು. ಅವರಿಗೆ ಅದು ಎಣಿಕೆಯ ಜಾಗದಲ್ಲಿತ್ತು. ಒಂದು ಅನ್ನುವ ಬದಲು ಈ ವಚನ, ಆಮೇಲೆ ಎರಡು, ಮೂರು.

ಮಂಗಳವಾರದ ವಚನದ ಮೇಲೆ ನಾನು ಜಾಸ್ತಿ ಹೊತ್ತು ಕೂತಿದ್ದೇನೆ. ಹಸಿರು ಹುಲ್ಲುಗಾವಲಿನಲ್ಲಿ ಮಲಗಿಸುತ್ತಾನೆ, ತಣ್ಣಗೆ ನಿಂತ ನೀರಿನ ಹತ್ತಿರ ಕರೆದುಕೊಂಡು ಹೋಗುತ್ತಾನೆ ಅನ್ನುವ ವಚನ. ಇದು ಬಿಡಿಸಿಕೊಂಡದ್ದು ಪಿರಿಯಾಪಟ್ಟಣದ ಕಡೆ ನೆಂಟರ ಮನೆಗೆ ಹೋದಾಗ. ರಾಗಿ ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿದ್ದರು. ಸುತ್ತ ಬಲೆ ಕಟ್ಟಿ, ಮರಿಗಳನ್ನು ಬೇರೆ ಕೂಡಿ, ಕಂಬಳಿ ಹೊದ್ದು ಒಬ್ಬ ಹಿರಿಯರು ಬೀಡಿ ಸೇದುತ್ತಾ ಕೂತಿದ್ದರು. ನಾನೂ ಹೋಗಿ ಕೂತೆ.

"ಯಜಮಾನ್ರೇ, ಕುರಿ ಮಲಗಬೇಕಾದ್ರೆ ಏನು ಮಾಡ್ತೀರಿ?" ಅಂತ ಕೇಳಿದೆ.

ಅವರು ನಕ್ಕರು. "ಮಲಗು ಅಂದ್ರೆ ಮಲಗ್ತದಾ ಸಾಮಿ? ಹೊಟ್ಟೆ ತುಂಬಬೇಕು. ನಾಯಿ ಗೀಯಿ ಸುಳೀಬಾರ್ದು. ನಾನು ಇಲ್ಲೇ ಇದೀನಿ ಅಂತ ಅದಕ್ಕೆ ಗೊತ್ತಾಗ್ಬೇಕು. ಆಮೇಲೆ ಅದೇ ಮಲಗಿ ಮೆಲುಕು ಹಾಕ್ತದೆ."

"ನೀವು ಎದ್ದು ಹೋದ್ರೆ?"

"ಎಲ್ಲಾ ಏಳ್ತವೆ."

ಅಷ್ಟು ಹೇಳಿ ಅವರು ಇನ್ನೊಂದು ಬೀಡಿ ಹಚ್ಚಿದರು. ನನಗೆ ಚರ್ಚಿನಲ್ಲಿ ಹಲವು ಪ್ರಸಂಗ ಕೇಳಿದರೂ ಹೊಳೆಯದ್ದು ಅಲ್ಲಿ ಹೊಳೆಯಿತು. ಮಲಗುವುದು ಕುರಿ ಕಷ್ಟಪಟ್ಟು ಮಾಡುವ ಕೆಲಸವಲ್ಲ. ಅದಕ್ಕೆ ಬೇಕಾದ್ದನ್ನೆಲ್ಲ ಹೊಂದಿಸುವುದು ಕಾಯುವವನ ಕೆಲಸ. ನಾನು ಅಲ್ಲಿಯವರೆಗೆ ನಿದ್ದೆಯನ್ನೂ ಒಂದು ಡ್ಯೂಟಿ ಮಾಡಿಕೊಂಡಿದ್ದೆ. ನಂಬಿಕೆ ಇದ್ದರೆ ನಿದ್ದೆ ಬರಬೇಕು, ಬರಲಿಲ್ಲ ಅಂದರೆ ನನ್ನ ನಂಬಿಕೆ ಕಡಿಮೆ ಅಂತ ಅದಕ್ಕೊಂದು ಚಿಂತೆ ಬೇರೆ. ಈಗ ನಿದ್ದೆ ಬಾರದ ರಾತ್ರಿ "ನೀನು ಇಲ್ಲೇ ಇದ್ದೀಯಲ್ಲ" ಅಂತ ಮಾತ್ರ ಹೇಳಿ ಕಣ್ಣು ಮುಚ್ಚುತ್ತೇನೆ. ನಿದ್ದೆ ಬಂದರೆ ಬಂತು. ಇಲ್ಲವಾದರೆ ಸುಮ್ನೆ ಮಲಗಿರುತ್ತೇನೆ. ಕುರಿಯೂ ಮಲಗಿದ ಹೊತ್ತೆಲ್ಲ ನಿದ್ದೆ ಮಾಡುವುದಿಲ್ಲವಲ್ಲ.

ಇನ್ನೊಂದು ವಿಷಯ. ಕೀರ್ತನೆಯಲ್ಲಿ ಮಲಗುವುದು ಮೊದಲು ಬರುತ್ತದೆ. ದಾರಿಯಲ್ಲಿ ನಡೆಯುವುದು ಅದರ ಮುಂದಿನ ವಚನದಲ್ಲಿ. ನಾವು ತೋಟದಲ್ಲಿ ಉಲ್ಟಾ ಮಾಡುತ್ತೇವೆ. ಕೊಯ್ಲು ಮುಗಿಯಲಿ, ಆಮೇಲೆ ವಿಶ್ರಾಂತಿ. ಕೊಯ್ಲು ಮುಗಿದರೆ ಗಿಡ ಕಸಿ (ಕಾಫಿ ಗಿಡದ ಕೊಂಬೆ ಸವರುವುದು), ಆಮೇಲೆ ಮರಗಸಿ (ನೆರಳಿನ ಮರ ಸವರುವುದು), ಗೊಬ್ಬರ, ಅಷ್ಟರಲ್ಲಿ ಮಳೆಗಾಲ. ಆ "ಆಮೇಲೆ" ಬರುವುದೇ ಇಲ್ಲ. ಪ್ರವಾದಿ ಎಲೀಯನ ಕತೆಯಲ್ಲೂ ಇದೇ ಕ್ರಮ, 1 ಅರಸುಗಳು 19ರಲ್ಲಿ. ಅವನು ಸಾಕಪ್ಪಾ ಸಾಕು, ಸಾಯುತ್ತೇನೆ ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ಬುದ್ಧಿ ಹೇಳಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ತಿನ್ನಿಸಿದ ಮೇಲೆ ಪ್ರಯಾಣದ ಮಾತು. ಕೆಂಡದ ರೊಟ್ಟಿಯ ರುಚಿ ಕೊಡಗಿನವರಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಹೀಗಾಗಿ ಕೊಯ್ಲಿನ ಕಾಲದಲ್ಲೂ ಭಾನುವಾರ ನಾನು ಕೆಲಸ ನಿಲ್ಲಿಸುತ್ತೇನೆ. ಆಳುಗಳಿಗೆ ಅಂದು ಹೇಗೂ ರಜೆ. ರೈಟರ್ ಮಾತ್ರ ಮನೆಯಲ್ಲಿ ಕೂತು ಲೆಕ್ಕ ಸರಿಮಾಡುವುದು ವಾಡಿಕೆ. ಶನಿವಾರ ಬಟವಾಡೆ ಮುಗಿಸಿ ಪುಸ್ತಕವನ್ನು ಆಫೀಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿ ಬರುವುದನ್ನು ಅಭ್ಯಾಸ ಮಾಡಿಕೊಂಡೆ. ಮನೆಗೆ ತಂದರೆ ಅದು ಕರೆಯುತ್ತದೆ. ಭಾನುವಾರ ಆರಾಧನೆ, ಊಟ, ಮಧ್ಯಾಹ್ನದ ನಿದ್ದೆ, ಸಂಜೆ ಹೆಂಡತಿಯ ಜೊತೆ ಮಾತು. ಮೊದಮೊದಲು ಅವಳೇ "ಏನ್ರೀ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡುತ್ತಿದ್ದಳು.

ಭಾನುವಾರವೇ ಮಳೆ ಬಂದರೆ? ಬಂದಿದೆ. ಓಡಿಹೋಗಿ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಬಂದಿದ್ದೇನೆ. ಸಬ್ಬತ್ ದಿನದಲ್ಲಿ ಎತ್ತು ಬಾವಿಗೆ ಬಿದ್ದರೆ ಎಳೆಯದೆ ಬಿಡುತ್ತೀರಾ ಅಂತ ಯೇಸುವೇ ಕೇಳಿದ್ದಾರೆ, ಲೂಕ 14ರಲ್ಲಿ. ಒದ್ದೆ ಬಟ್ಟೆ ಬದಲಾಯಿಸಿ ಮತ್ತೆ ಮಲಗಿದರಾಯಿತು. ನಿಯಮಕ್ಕೂ ವಿಶ್ರಾಂತಿ ಬೇಕು.

ಮಳೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೂರೈಕೆಗಾಗಿ ಪ್ರಾರ್ಥನೆ ಮಾಡುವವರು ಫೆಬ್ರವರಿ-ಮಾರ್ಚಿನಲ್ಲಿ ಒಂದು ಸಲ ಕೊಡಗಿಗೆ ಬರಬೇಕು. ಕಾಫಿ ಅರಳಲು ಹೂಮಳೆ ಬೇಕೇ ಬೇಕು. ಅದೇ ಹೊತ್ತಿಗೆ ಕೊಯ್ಲು ಮುಗಿಯದವರ ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ, ಅವರಿಗೆ ಬಿಸಿಲು ಬೇಕು. ಒಂದೇ ಬೆಂಚಿನಲ್ಲಿ ಕೂತು ಒಬ್ಬ ಮಳೆ ಕೇಳುತ್ತಾನೆ, ಇನ್ನೊಬ್ಬ ಬೇಡ ಅನ್ನುತ್ತಾನೆ. ಕೆಲವು ವರ್ಷ ನನ್ನೊಳಗೇ ಇಬ್ಬರೂ ಇರುತ್ತಾರೆ. ಇದನ್ನು ನೋಡಿ ನೋಡಿ ನಾನು ಮಳೆಯ ತಾರೀಖು ಕೇಳುವುದನ್ನು ಬಿಟ್ಟೆ. ಬಂದದ್ದನ್ನು ನಿಭಾಯಿಸಲು ಬೇಕಾದ್ದು ಕೊಡು ಅಂತ ಕೇಳುತ್ತೇನೆ. ಟಾರ್ಪಾಲು ಮಾತ್ರ ಜನವರಿಯಲ್ಲೇ ತೂತು ನೋಡಿ ಹೊಲಿಸಿಡುತ್ತೇನೆ.

ಬುಧವಾರದ ವಚನ ಪ್ರಾಣಕ್ಕೆ ಚೈತನ್ಯ ಕೊಟ್ಟು ಸರಿಯಾದ ದಾರಿಯಲ್ಲಿ ನಡೆಸುವುದರ ಬಗ್ಗೆ. ಇದನ್ನು ನಾನು ಯೆಹೆಜ್ಕೇಲ 34ರ ಜೊತೆ ಸೇರಿಸಿ ಓದುತ್ತೇನೆ, ಯಾಕೆಂದರೆ ನನ್ನ ಕೈಕೆಳಗೂ ಜನ ಇದ್ದಾರೆ. ಆ ಅಧ್ಯಾಯದಲ್ಲಿ ದೇವರು ಕುರುಬರನ್ನು ಬೈಯುತ್ತಾನೆ. ಕೊಬ್ಬಿದ್ದನ್ನು ತಿಂದಿರಿ, ಉಣ್ಣೆ ಹೊದ್ದಿರಿ, ಬಡಕಲಾದದ್ದನ್ನು ಬಲಪಡಿಸಲಿಲ್ಲ, ಗಾಯಕ್ಕೆ ಕಟ್ಟು ಹಾಕಲಿಲ್ಲ ಅಂತ. ನೀವು ಬೇಡ, ನಾನೇ ಮೇಯಿಸಿ ಮಲಗಿಸುತ್ತೇನೆ ಅನ್ನುತ್ತಾನೆ. ಭಾನುವಾರ "ಕೊರತೆಪಡೆನು" ಅಂತ ಹಾಡಿ ಸೋಮವಾರ ತೂಕದಲ್ಲಿ ಕಿಲೋ ಮುರಿದರೆ ಆ ಹಾಡು ಯಾರಿಗೆ ಕೇಳುತ್ತದೆ? ನಮ್ಮ ತೋಟದಲ್ಲಿ ಹಣ್ಣು ಕೊಯ್ದವರು ಎದುರಿಗೆ ನಿಂತು ಮುಳ್ಳು ನೋಡಿದ ಮೇಲೆಯೇ ನಾನು ಬರೆಯುವುದು. ಅಸ್ಸಾಮಿನಿಂದ ಬಂದ ಹುಡುಗರಿಗೆ ಕನ್ನಡ ಅಂಕಿ ಓದಲು ಬರುವುದಿಲ್ಲ. ಅದಕ್ಕೆ ಅವರ ಚೀಟಿಯಲ್ಲಿ ಅವರಿಗೆ ಗೊತ್ತಿರುವ ಅಂಕಿಯಲ್ಲೇ ಬರೆದುಕೊಡುತ್ತೇನೆ. ಜ್ವರ ಬಂದವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಲು ಸಾಹುಕಾರರ ಅಪ್ಪಣೆಗೆ ಕಾಯುವುದಿಲ್ಲ. ಕಳಿಸಿ ಆಮೇಲೆ ಹೇಳುತ್ತೇನೆ. ಇದು ದೊಡ್ಡ ಧರ್ಮವೇನಲ್ಲ. ಆದರೆ ಇದನ್ನು ಮಾಡಿದ ರಾತ್ರಿ ನಿದ್ದೆ ಬೇಗ ಬರುತ್ತದೆ ಅನ್ನುವುದು ನಾನು ಕಂಡ ಸತ್ಯ.

ಇನ್ನು ಗುರುವಾರದ್ದು, ಕತ್ತಲ ಕಣಿವೆಯಲ್ಲಿ ನಡೆದರೂ ಹೆದರೆನು ಅನ್ನುವ ವಚನ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟಗಳು ಜಾರಿದಾಗ ನಾವು ಇಲ್ಲಿಂದ ಅಕ್ಕಿ, ಬಟ್ಟೆ ಕಳಿಸಿದವರು. ಮರುವರ್ಷ ಆಗಸ್ಟಿನಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಅದೇ ಮಳೆಗೆ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆಬದಿಯ ಮನೆಗಳಿಗೆ ನುಗ್ಗಿತು. ಅಪ್ಪ ಕಟ್ಟಿದ ನಮ್ಮ ಮನೆಯೂ ಹೊಳೆಬದಿಯಲ್ಲೇ. ಮಗಳ ಪುಸ್ತಕದ ಚೀಲ, ಆಧಾರ್ ಕಾರ್ಡುಗಳು, ಮಾತ್ರೆ, ಇಷ್ಟು ಹಿಡಿದು ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರಕ್ಕೆ ಹೋದೆವು.

ಆ ಶಾಲೆಯ ಜಗಲಿಯಲ್ಲಿ ಕೂತು ಹೇಳಿಕೊಳ್ಳುವಾಗ ಒಂದು ವಿಷಯ ಗಮನಕ್ಕೆ ಬಂತು. ಮೊದಲ 3 ವಚನಗಳಲ್ಲಿ "ಆತನು" ಅಂತ ಇದೆ. ಆತನು ಮಲಗಿಸುತ್ತಾನೆ, ಆತನು ನಡೆಸುತ್ತಾನೆ. ಕಣಿವೆ ಬಂದ ಕೂಡಲೇ ಮಾತು "ನೀನು" ಅಂತ ತಿರುಗುತ್ತದೆ. ದೂರದವರಿಗೆ ದೇವರ ಬಗ್ಗೆ ಹೇಳುತ್ತಿದ್ದವನು ಕತ್ತಲಲ್ಲಿ ದೇವರ ಕಡೆಗೇ ತಿರುಗಿ ಮಾತಾಡುತ್ತಾನೆ. ಅವತ್ತಿನಿಂದ ಗುರುವಾರ ನಾನು ಏನೂ ಬರೆಯುವುದಿಲ್ಲ. ಮಾತಾಡುತ್ತೇನೆ. ಜಗಳವನ್ನೂ ಆಡುತ್ತೇನೆ. ಪ್ರಾರ್ಥನೆ ಮಾಡಿದ್ದಕ್ಕೇ ನೀವು ಉಳಿದಿರಿ ಅಂತ ಯಾರೋ ಹೇಳಿದಾಗ ನನಗೆ ಒಪ್ಪಲು ಆಗಲಿಲ್ಲ. ತೀರಿಹೋದವರು ಪ್ರಾರ್ಥನೆ ಮಾಡಿರಲಿಲ್ಲವೇ? ಈ ಕೀರ್ತನೆ ಕಣಿವೆ ಇರುವುದಿಲ್ಲ ಅಂತ ಎಲ್ಲೂ ಹೇಳುವುದಿಲ್ಲ. ಅಲ್ಲಿ ಒಬ್ಬನೇ ಇರುವುದಿಲ್ಲ ಅಂತ ಮಾತ್ರ ಹೇಳುತ್ತದೆ. ನನಗೆ ಅಷ್ಟರ ಮೇಲೆ ಏನನ್ನೂ ಸೇರಿಸಲು ಮನಸ್ಸಿಲ್ಲ.

ಅದೇ ವಚನದಲ್ಲಿ ಧೈರ್ಯ ಕೊಡುತ್ತದೆ ಅಂತ ಬರುವ ಕುರುಬನ ಕೋಲಿನ ಬಗ್ಗೆ ಒಂದು ಮಾತು. ಕೋಲು ಅಂದರೆ ಹೊಡೆಯಲು ಅಂತಲೇ ನಮಗೆ ನೆನಪಾಗುವುದು. ಕುರಿಗಳು ಒಂದೊಂದಾಗಿ ಕೋಲಿನ ಕೆಳಗೆ ದಾಟುವಾಗ ಎಣಿಸುವ ಪದ್ಧತಿಯೂ ಇತ್ತು. ಯಾಜಕಕಾಂಡ 27ರಲ್ಲಿ ಹತ್ತರಲ್ಲಿ ಒಂದನ್ನು ಲೆಕ್ಕ ಹಾಕುವಾಗ ಅದು ಬರುತ್ತದೆ. ದಿನಾ ತಲೆ ಎಣಿಸುವ ನನಗೆ, ನನ್ನನ್ನೂ ಸಂಜೆ ಎಣಿಸುವವರೊಬ್ಬರಿದ್ದಾರೆ ಅನ್ನುವುದು ಎಷ್ಟು ಸಮಾಧಾನ ಗೊತ್ತಾ?

ಶುಕ್ರವಾರದ ವಚನ ಶತ್ರುಗಳ ಕಣ್ಣೆದುರು ಔತಣ ಬಡಿಸುವುದು. ಇದನ್ನು ನಾನು ಬಹಳ ಕಾಲ ಹೊಟ್ಟೆಕಿಚ್ಚು ಪಡಿಸುವ ಊಟ ಅಂತ ಓದುತ್ತಿದ್ದೆ. ಪರಿಹಾರ ಕೇಂದ್ರದ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತವನು ಬೇಲಿಯ ಜಗಳದಲ್ಲಿ ನಮ್ಮ ಜೊತೆ ಮಾತು ಬಿಟ್ಟಿದ್ದ ನೆರೆಯವನು. ಅವನ ಮನೆಯೂ ನೀರಲ್ಲಿ, ನನ್ನದೂ ನೀರಲ್ಲಿ, ಜಗಳಕ್ಕೆ ಬೇಲಿಯೇ ಇರಲಿಲ್ಲ. ಬಡಿಸುತ್ತಿದ್ದವರು ಮಸೀದಿಯ ಹುಡುಗರು, ಅಕ್ಕಿ ಯಾವುದೋ ಊರಿನವರು ಕಳಿಸಿದ್ದು. ಅವನಿಗೆ ಸಾರು ಬಂತು, ನನಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಅವನು ತನ್ನ ತಟ್ಟೆ ಈ ಕಡೆ ತಳ್ಳಿ "ಹಾಕ್ಕೋ ಮಾರಾಯ" ಅಂದ. ಮೇಜು ಹಾಕಿದವನಿಗೆ ಇಬ್ಬರೂ ಅತಿಥಿಗಳೇ ಇರಬಹುದು ಅಂತ ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ. ನೀರು ಇಳಿದ ಮೇಲೆ ಬೇಲಿ ಮತ್ತೆ ಹಾಕಿದೆವು. ಈಗಲೂ ಒಂದು ಅಡಿಯ ವಿಷಯದಲ್ಲಿ ನಮಗೆ ಒಮ್ಮತ ಇಲ್ಲ. ಆದರೆ ಮಾತು ಇದೆ.

ಶನಿವಾರದ ವಚನಕ್ಕೆ ಸಮಯ ಕಡಿಮೆ, ಅವತ್ತು ಬಟವಾಡೆ. ಒಳ್ಳೇದೂ ಕೃಪೆಯೂ ಬೆನ್ನು ಹತ್ತಿ ಬರುತ್ತವೆ ಅನ್ನುವ ಸಾಲನ್ನು ಬೈಕ್ ಸ್ಟಾರ್ಟ್ ಮಾಡುತ್ತಾ ಹೇಳುತ್ತೇನೆ. ಹಿಂದೆ ಆನೆಯಲ್ಲದೆ ಬೇರೆಯದೂ ಬರುತ್ತದೆ ಅಂತ ಒಂದು ಧೈರ್ಯ.

ಇದನ್ನು ಮಾಡಬೇಕು ಅನ್ನುವವರಿಗೆ ನನ್ನದೊಂದು ಸಲಹೆ: ಬಿಡುವಿನ ತಿಂಗಳಲ್ಲಿ ಶುರುಮಾಡಿ. ನಮ್ಮ ಕಡೆ ಜುಲೈ-ಆಗಸ್ಟಿನ ಕಕ್ಕಡ ಅದಕ್ಕೆ ಸರಿ, ಮಳೆಗೆ ಹೊರಗೆ ಕೆಲಸ ಕಮ್ಮಿ. ಕೊಯ್ಲಿನ ನಡುವೆ ಹೊಸ ಅಭ್ಯಾಸ ಹಿಡಿಯುವುದು ಕಷ್ಟ. ವಚನ ತಪ್ಪಿದ ದಿನ ಮರುದಿನಕ್ಕೆ ಎರಡು ಹೇಳಿ ಬಾಕಿ ತೀರಿಸಲು ಹೋಗಬೇಡಿ. ಅದು ಬಟವಾಡೆಯ ಲೆಕ್ಕವಲ್ಲ, ಅವತ್ತಿನ ದಿನದ್ದನ್ನೇ ಹೇಳಿ ಮುಂದೆ ಹೋಗಿ.

ಈ ಸಲ ಕೊಯ್ಲು ಶುರುವಾಗುವ ಮೊದಲೇ ಸಾಹುಕಾರರಿಗೆ ಹೇಳಿಬಿಟ್ಟೆ, ಭಾನುವಾರ ನಾನು ಫೋನ್ ತೆಗೆಯುವುದಿಲ್ಲ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ಬಂದ್ರೆ?" ಅಂದರು.

"ಮಳೆ ಬಂದ್ರೆ ನಾನು ಕಣದಲ್ಲಿರ್ತೀನಿ ಸರ್," ಅಂದೆ. "ಆಗ್ಲೂ ಫೋನ್ ತೆಗಿಯಕ್ಕಾಗಲ್ಲ."